ಹುಟ್ಟಿದ ಕಾಡಿನಿಂದ ಗಂಡು ಹುಲಿ ಎಷ್ಟು ದೂರ ಹೋಗುತ್ತದೆ?

ಗಂಡು ಹುಲಿಮರಿ ಎರಡು ವರ್ಷ ತುಂಬುವ ಆಸುಪಾಸಿನಲ್ಲಿ ತಾಯಿಯ ನೆಲೆ ಬಿಟ್ಟು ಹೊರಡುತ್ತದೆ. ಕೆಲವು ಒಂದೂವರೆ ವರ್ಷಕ್ಕೇ ಹೊರಬೀಳುತ್ತವೆ. ಕೆಲವು ಎರಡು ಕಾಲು ವರ್ಷದವರೆಗೂ ತಾಯಿಯ ಸುತ್ತಮುತ್ತಲೇ ಸುಳಿದಾಡುತ್ತವೆ. ಹೊರಟ ಮೇಲೆ ತನ್ನದೇ ಆದ ನೆಲೆ ಸಿಗುವವರೆಗೆ ಅದು ಅಲೆಮಾರಿ. ಹುಟ್ಟಿದ ಜಾಗಕ್ಕೂ ಕೊನೆಗೆ ನೆಲೆನಿಂತ ಜಾಗಕ್ಕೂ ನಡುವಿನ ದೂರ ಎಷ್ಟು ಎಂಬುದು ವನ್ಯಜೀವಿ ವಿಜ್ಞಾನಿಗಳು ದಶಕಗಳಿಂದ ಅಳೆಯಲು ಯತ್ನಿಸುತ್ತಿರುವ ಪ್ರಶ್ನೆ. ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಇದು ಬರೀ ಶಾಸ್ತ್ರದ ಕುತೂಹಲವಲ್ಲ. ಬಂಡೀಪುರ ಮತ್ತು ಬಿಳಿಗಿರಿರಂಗನಾಥಸ್ವಾಮಿ ದೇವಾಲಯ (ಬಿಆರ್‌ಟಿ) ಎಂಬ ಎರಡು ಹುಲಿ ಸಂರಕ್ಷಿತ ಪ್ರದೇಶಗಳು, ಮಲೆ ಮಹದೇಶ್ವರ ಮತ್ತು ಕಾವೇರಿ ಎಂಬ ಎರಡು ವನ್ಯಜೀವಿಧಾಮಗಳು ಈ ಜಿಲ್ಲೆಯನ್ನು ಮೂರು ಕಡೆಯಿಂದ ಬಳಸಿಕೊಂಡಿವೆ. ಒಂದು ಕಾಡಿನಲ್ಲಿ ಹುಟ್ಟಿದ ಗಂಡು ಇನ್ನೊಂದಕ್ಕೆ ಹೋಗಬೇಕಾದರೆ ಎಲ್ಲಿ ಹಾದು ಹೋಗುತ್ತದೆ ಎಂಬುದರ ಮೇಲೆ ಹುಲಿಯ ಭವಿಷ್ಯವೂ ಕಾಡಂಚಿನ ಹಳ್ಳಿಗಳ ನೆಮ್ಮದಿಯೂ ನಿಂತಿವೆ.

ಸಂತೆಮರಹಳ್ಳಿ ಈ ನಕ್ಷೆಯ ಬಯಲು ಭಾಗದಲ್ಲಿದೆ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಕ್ಕೆ ಹೋಗುವ ದಾರಿಯ ಈ ಹೋಬಳಿ ಕೇಂದ್ರದ ಸುತ್ತ ಕಾಡಿಲ್ಲ. ಭತ್ತ, ಕಬ್ಬು, ಬಾಳೆ, ಅರಿಸಿನ, ತೆಂಗು ಬೆಳೆಯುವ ಹೊಲಗದ್ದೆಗಳಿವೆ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ನೈಋತ್ಯಕ್ಕೆ, ಗುಂಡ್ಲುಪೇಟೆಯ ಆಚೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮತ್ತು ಬಂಡೀಪುರ. ಎರಡು ಬೆಟ್ಟಗಳ ನಡುವೆ ನೇರ ಗೆರೆ ಎಳೆದರೆ ಹೆಚ್ಚೆಂದರೆ 70 ಕಿ.ಮೀ. ಗಟ್ಟಿಮುಟ್ಟಾದ ಗಂಡು ಹುಲಿಗೆ ಅದು ಕೆಲವು ರಾತ್ರಿಗಳ ನಡಿಗೆ. ಆದರೆ ಆ ಗೆರೆ ಹಾಯುವುದು ಊರು, ತೋಟ, ಕಲ್ಲು ಕ್ವಾರಿ, ರಸ್ತೆಗಳ ಮೇಲೆ. ಕಾಡಿನ ದಾರಿ ಬೇರೆಯೇ ಇದೆ. ಅದು ಬಿಳಿಗಿರಿಯಿಂದ ದಕ್ಷಿಣಕ್ಕೆ ಇಳಿದು, ಪುಣಜನೂರಿನ ಬಳಿ ತಮಿಳುನಾಡಿನ ತಾಳಮಲೆಗೆ ದಾಟಿ, ಮೋಯಾರ್ ಕಣಿವೆಯ ಅಂಚಿನಲ್ಲಿ ಪಶ್ಚಿಮಕ್ಕೆ ತಿರುಗಿ ಬಂಡೀಪುರ ಸೇರುತ್ತದೆ. ಬಯಲನ್ನು ಬಳಸಿಕೊಂಡು ಹೋಗುವ ಈ ದಾರಿ ನೇರ ಗೆರೆಗಿಂತ ಬಹಳ ಉದ್ದ. ಹುಲಿ ಎಷ್ಟು ದೂರ ಹೋಯಿತು ಎಂದು ಕೇಳುವಾಗ ಈ ಎರಡು ಅಳತೆಗಳಲ್ಲಿ ಯಾವುದನ್ನು ಹೇಳಲಾಗುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು. ಸಂಶೋಧನಾ ಪ್ರಬಂಧಗಳು ಸಾಮಾನ್ಯವಾಗಿ ನೇರ ದೂರವನ್ನು ಕೊಡುತ್ತವೆ. ಪತ್ರಿಕೆಗಳು ನಡೆದ ದಾರಿಯ ಒಟ್ಟು ಉದ್ದವನ್ನು ಶೀರ್ಷಿಕೆ ಮಾಡುತ್ತವೆ. ಎರಡೂ ನಿಜವೇ, ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಗಂಡೇ ಏಕೆ ಹೊರಡಬೇಕು? ಹೆಣ್ಣು ಹುಲಿ ಸಾಧ್ಯವಾದಷ್ಟೂ ತಾಯಿಯ ಪಕ್ಕದಲ್ಲೇ ನೆಲೆ ಹೂಡುತ್ತದೆ. ಎಷ್ಟೋ ಸಲ ತಾಯಿಯೇ ತನ್ನ ನೆಲೆಯ ಒಂದು ಭಾಗವನ್ನು ಮಗಳಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ನೀರು, ಜಿಂಕೆ, ಕಡವೆ, ಮರಿ ಅಡಗಿಸಿಡುವ ಕಲ್ಲುಪೊಟರೆ ಎಲ್ಲಿವೆ ಎಂದು ಬಲ್ಲ ನೆಲದಲ್ಲೇ ಮರಿ ಸಾಕುವುದು ಹೆಣ್ಣಿಗೆ ಲಾಭ. ಗಂಡಿನ ಲೆಕ್ಕ ಬೇರೆ. ವಯಸ್ಕ ಗಂಡು ತನ್ನ ನೆಲೆಯೊಳಗೆ ಎರಡು ಮೂರು ಹೆಣ್ಣುಗಳ ನೆಲೆಗಳನ್ನು ಒಳಗೊಂಡು ಕಾಯುತ್ತದೆ. ಅಲ್ಲಿ ಹುಟ್ಟಿದ ಗಂಡುಮರಿ ಬೆಳೆದಂತೆ ತಂದೆಗೆ ಪ್ರತಿಸ್ಪರ್ಧಿಯಾಗುತ್ತದೆ. ಸುತ್ತಲಿನ ಹೆಣ್ಣುಗಳೆಲ್ಲ ತಾಯಿ, ಅಕ್ಕತಂಗಿ, ಚಿಕ್ಕಮ್ಮಂದಿರು. ಉಳಿದರೆ ಕಾದಾಟ, ಇಲ್ಲವೇ ರಕ್ತಸಂಬಂಧದಲ್ಲೇ ಸಂತಾನ. ಎರಡನ್ನೂ ತಪ್ಪಿಸುವ ದಾರಿ ಹೊರಟುಹೋಗುವುದು. ತಂದೆಯನ್ನು ಹೊರಗಿನ ಬಲಿಷ್ಠ ಗಂಡೊಂದು ಓಡಿಸಿದರೆ ಈ ನಿರ್ಗಮನ ಇನ್ನೂ ಬೇಗ ಆಗುತ್ತದೆ. ಹೊಸದಾಗಿ ಬಂದ ಗಂಡು ಹಳೆಯ ಗಂಡಿನ ಸಣ್ಣ ಮರಿಗಳನ್ನು ಕೊಲ್ಲುತ್ತದೆ, ದೊಡ್ಡವನ್ನು ಅಟ್ಟುತ್ತದೆ.

ಸಿಂಹಗಳಲ್ಲೂ ಹೊರಡುವವು ಗಂಡುಗಳೇ. ಪೂರ್ವ ಆಫ್ರಿಕಾದ ಸೆರೆಂಗೆಟಿಯಲ್ಲಿ ದಶಕಗಳ ಕಾಲ ನಡೆದ ಅಧ್ಯಯನ ತೋರಿಸಿದಂತೆ, ನಾಲ್ಕು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಗಂಡು ಸಿಂಹಗಳೂ ಹುಟ್ಟಿದ ಗುಂಪನ್ನು ಬಿಡುತ್ತವೆ. ಹೆಣ್ಣುಗಳಲ್ಲಿ ಹಾಗೆ ಬಿಡುವವು ಮೂರರಲ್ಲೊಂದು ಪಾಲು ಮಾತ್ರ. ಆದರೆ ಸಿಂಹದ ಗಂಡುಗಳು ಅಣ್ಣತಮ್ಮಂದಿರ ಜೊತೆಗೂಡಿ ಹೊರಡುತ್ತವೆ, ಜೊತೆಯಾಗಿಯೇ ಬೇರೆ ಗುಂಪನ್ನು ಗೆಲ್ಲುತ್ತವೆ. ಗುಜರಾತಿನ ಗಿರ್ ಕಾಡು ತುಂಬಿದ ಮೇಲೆ ಸಿಂಹಗಳು ಗಿರ್‌ನಾರ್, ಕರಾವಳಿಯ ಕುರುಚಲು, ಭಾವನಗರದ ಬಯಲಿನವರೆಗೂ ಹರಡಿದವು. 2023ರಲ್ಲಿ ಪೋರಬಂದರಿನ ಬಳಿಯ ಬರ್ಡಾ ಅಭಯಾರಣ್ಯಕ್ಕೆ ಗಂಡು ಸಿಂಹವೊಂದು ತಾನಾಗಿ ಬಂದು ಸೇರಿತು; 1879ರ ನಂತರ ಅಲ್ಲಿ ಸಿಂಹ ಕಾಣಿಸಿಕೊಂಡದ್ದು ಅದೇ ಮೊದಲು. ನರ್ಮದೆಯಿಂದ ದಕ್ಷಿಣಕ್ಕೆ ಸಿಂಹ ನೆಲೆಸಿದ್ದಕ್ಕೆ ಗಟ್ಟಿ ಪುರಾವೆಯಿಲ್ಲದ ಕಾರಣ ಕನ್ನಡನಾಡಿನಲ್ಲಿ ಈ ಪ್ರಶ್ನೆಯನ್ನು ಹುಲಿಯ ಮೂಲಕವೇ ಕೇಳಬೇಕು. ಹುಲಿ ಒಂಟಿಯಾಗಿ ಹೊರಡುತ್ತದೆ. ಬೆನ್ನಿಗೆ ಯಾರೂ ಇಲ್ಲದ ಈ ಪಯಣ ಸಿಂಹದ್ದಕ್ಕಿಂತ ಕಷ್ಟದ್ದು, ಗಮನಿಸುವವರಿಗೂ ಅಷ್ಟೇ ಕಷ್ಟದ್ದು.

ಬಹಳ ಕಾಲ ಭಾರತದಲ್ಲಿ ಹುಲಿ ಎಣಿಕೆ ನಡೆದದ್ದು ಹೆಜ್ಜೆ ಗುರುತಿನಿಂದ. ಮಣ್ಣಿನ ಮೇಲಿನ ಪಾದದಚ್ಚನ್ನು ಗಾಜಿನ ಮೇಲೆ ಬರೆದುಕೊಂಡು, ಪ್ಲಾಸ್ಟರ್ ಎರಕ ಹೊಯ್ದು, ಇದು ಇಂಥದ್ದೇ ಹುಲಿ ಎಂದು ಹೇಳಲಾಗುತ್ತಿತ್ತು. ಮಣ್ಣು ಹಸಿಯೋ ಒಣಗಿದ್ದೋ, ಹುಲಿ ನಡೆಯಿತೋ ಓಡಿತೋ ಎಂಬುದರ ಮೇಲೆ ಅಚ್ಚಿನ ಆಕಾರವೇ ಬದಲಾಗುತ್ತದೆ. ಹಾಗಾಗಿ ಬಂಡೀಪುರದಲ್ಲಿ ಕಂಡ ಹೆಜ್ಜೆ ಮುಂದಿನ ವರ್ಷ ಬಿಳಿಗಿರಿಯಲ್ಲಿ ಕಂಡ ಹೆಜ್ಜೆಯ ಒಡೆಯನದೇ ಎಂದು ಹೇಳುವ ಹಾದಿಯೇ ಇರಲಿಲ್ಲ. ದೂರದ ಪ್ರಶ್ನೆಗೆ ಉತ್ತರ ಸಿಗಲಾರಂಭಿಸಿದ್ದು ಎರಡು ಸಾಧನಗಳು ಬಂದ ಮೇಲೆ. ಒಂದು, ಕೊರಳಿಗೆ ತೊಡಿಸಿ ಸಂಕೇತದಿಂದ ಹುಲಿಯ ಜಾಗ ಪತ್ತೆಹಚ್ಚುವ ರೇಡಿಯೋ ಕಾಲರ್. ಕರ್ನಾಟಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ಅದನ್ನು ತೊಡಿಸಿ ಹಿಂಬಾಲಿಸಿದರು. ಇನ್ನೊಂದು ಕ್ಯಾಮೆರಾ ಟ್ರ್ಯಾಪ್. ಅದನ್ನೂ ಅವರೇ 1991ರಿಂದ ಅಲ್ಲಿ ಬಳಸತೊಡಗಿದರು.

ಕ್ಯಾಮೆರಾ ಟ್ರ್ಯಾಪ್‌ನ ಕೆಲಸವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದೆ ಬರುವ ಹಲವು ಅಂಕಿಗಳು ಅದರ ಮೇಲೆ ನಿಂತಿವೆ. ಹುಲಿ ಓಡಾಡುವ ಕಾಲುದಾರಿ ಇಲ್ಲವೇ ಜೀಪುದಾರಿಯ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ ಎರಡು ಪೆಟ್ಟಿಗೆಗಳನ್ನು ಮರಕ್ಕೋ ಗೂಟಕ್ಕೋ ಬಿಗಿಯುತ್ತಾರೆ. ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆಯಿರುವುದಿಲ್ಲ. ಒಂದೇ ಬದಿಯ ಚಿತ್ರವಿದ್ದರೆ ಒಂದೇ ಹುಲಿಯನ್ನು ಎರಡೆಂದು ಎಣಿಸುವ ಅಪಾಯವಿದೆ. ಅದಕ್ಕೇ ಜೋಡಿ ಕ್ಯಾಮೆರಾ. ಪ್ರಾಣಿ ನಡುವೆ ಹಾದಾಗ ಎರಡೂ ಒಟ್ಟಿಗೆ ಚಿತ್ರ ತೆಗೆಯುತ್ತವೆ; ದಿನ, ಗಂಟೆ, ನಿಮಿಷ ಅದರ ಮೇಲೇ ಮೂಡುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಹುಲಿಯ ಮೈಯ ಮೂರು ಆಯಾಮದ ಮಾದರಿಯ ಮೇಲೆ ಚಿತ್ರವನ್ನು ಹೊದಿಸಿ, ಬಾಗಿದ, ತಿರುಗಿದ ಭಂಗಿಯನ್ನು ಸರಿಪಡಿಸಿ, ಸಂಗ್ರಹದಲ್ಲಿರುವ ಹಳೆಯ ಹುಲಿಗಳ ಪಟ್ಟೆಗಳೊಡನೆ ಹೋಲಿಸುತ್ತಾರೆ. ತಂತ್ರಾಂಶ ಕೆಲವು ಹತ್ತಿರದ ಹೋಲಿಕೆಗಳನ್ನು ಮುಂದಿಡುತ್ತದೆ. ಕೊನೆಯ ತೀರ್ಮಾನ ಮನುಷ್ಯನ ಕಣ್ಣಿನದೇ. ಒಮ್ಮೆ ಗುರುತು ಸಿಕ್ಕ ಹುಲಿಗೆ ಒಂದು ಸಂಖ್ಯೆ ಬೀಳುತ್ತದೆ. ಬಂಡೀಪುರದಲ್ಲಿ ಮೊದಲು ಸಿಕ್ಕಿದ್ದಕ್ಕೆ ಬಿಪಿಟಿ, ಭದ್ರಾದಲ್ಲಿ ಸಿಕ್ಕಿದ್ದಕ್ಕೆ ಬಿಡಿಟಿ ಎಂದು ಆರಂಭವಾಗುವ ಸಂಖ್ಯೆಗಳು. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರಮಟ್ಟದ ಹುಲಿ ಅಂದಾಜಿನಲ್ಲೂ ಇದೇ ವಿಧಾನ ಬಂದ ಮೇಲೆ ರಾಜ್ಯ ರಾಜ್ಯಗಳ ನಡುವಿನ ಓಡಾಟವೂ ದಾಖಲೆಗೆ ಸಿಗತೊಡಗಿತು.

ಈ ವಿಧಾನ ಕೊಟ್ಟ ಬೆರಗಿನ ದಾಖಲೆ ಈ ಸೀಮೆಯದೇ. 2010ರಲ್ಲಿ ಬಂಡೀಪುರದಲ್ಲಿ ಮೊದಲ ಬಾರಿಗೆ ಚಿತ್ರಕ್ಕೆ ಸಿಕ್ಕಿದ್ದ ಬಿಪಿಟಿ–241 ಎಂಬ ಗಂಡು ಹುಲಿ 2011ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಗಾಮ ಗ್ರಾಮದ ಬಳಿ ಸೆರೆಸಿಕ್ಕಿತು. ಊರವರು ಮುತ್ತಿಕೊಂಡಿದ್ದ ಹುಲಿಯ ಚಿತ್ರವನ್ನು ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ತನ್ನ ಸಂಗ್ರಹದೊಡನೆ ಹೋಲಿಸಿದಾಗ ಅದರ ಮೂಲ ಬಯಲಾಯಿತು. ನೇರ ಗೆರೆಯಲ್ಲೇ ದೂರ 280 ಕಿ.ಮೀ.ಗೂ ಹೆಚ್ಚು. ಬಂಡೀಪುರದಿಂದ ಶಿಕಾರಿಪುರಕ್ಕೆ ನಡುವೆ ಇರುವುದು ಕೊಡಗಿನ ಕಾಫಿ ತೋಟ, ಮಲೆನಾಡಿನ ಅಡಿಕೆ ತೋಟ, ಹೆದ್ದಾರಿ, ನದಿ, ರೈಲುಹಳಿ. ಇಷ್ಟನ್ನೂ ದಾಟುವಾಗ ಅದು ದೊಡ್ಡ ಸುದ್ದಿಯಾಗಲಿಲ್ಲ ಎಂಬುದೇ ಈ ಪ್ರಕರಣದ ಮಹತ್ವ. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಬಿಪಿಟಿ–241 ಬಂಡೀಪುರದಲ್ಲಿ ಮೊದಲು ಕಂಡಿತು ಎಂದ ಮಾತ್ರಕ್ಕೆ ಅಲ್ಲೇ ಹುಟ್ಟಿತು ಎಂದಾಗುವುದಿಲ್ಲ. ಹುಟ್ಟಿದ ಜಾಗ ಖಚಿತವಾಗಬೇಕಾದರೆ ಮರಿಯಾಗಿದ್ದಾಗ ತಾಯಿಯ ಜೊತೆಗೇ ಅದು ಚಿತ್ರದಲ್ಲಿ ಸಿಕ್ಕಿರಬೇಕು. ಮರಿಗಳು ಒಂದು ವರ್ಷ ದಾಟುವವರೆಗೆ ಕ್ಯಾಮೆರಾದ ಮುಂದೆ ಬರುವುದೇ ಅಪರೂಪ. ಆದ್ದರಿಂದ ದಾಖಲೆಗಳಲ್ಲಿರುವ ಎಷ್ಟೋ ದೂರಗಳು ಹುಟ್ಟಿದ ಜಾಗದಿಂದಲ್ಲ, ಮೊದಲು ಕಂಡ ಜಾಗದಿಂದ ಅಳೆದವು. ನಿಜವಾದದ್ದು ಅದಕ್ಕಿಂತ ಹೆಚ್ಚಿರಬಹುದು, ಕಡಿಮೆಯೂ ಇರಬಹುದು.

ಹಾಗಾದರೆ ಸಾಮಾನ್ಯ ಗಂಡು ಹುಲಿ ಹೋಗುವ ದೂರ ಎಷ್ಟು? ಈ ಪ್ರಶ್ನೆಗೆ ಬಹುಕಾಲ ಆಧಾರವಾಗಿದ್ದದ್ದು ನೇಪಾಳದ ಚಿತ್ವನ್‌ನಲ್ಲಿ ಡೇವಿಡ್ ಸ್ಮಿತ್ ನಡೆಸಿ 1993ರಲ್ಲಿ ಪ್ರಕಟಿಸಿದ ಕೆಲಸ. ಕಾಲರ್ ತೊಟ್ಟ ಹುಲಿಗಳು 19ರಿಂದ 28 ತಿಂಗಳ ವಯಸ್ಸಿನಲ್ಲಿ ತಾಯಿಯನ್ನು ಬಿಟ್ಟವು. ಗಂಡುಗಳು ಸರಾಸರಿ 33 ಕಿ.ಮೀ. ದೂರ ಹೋದವು, ಹೆಣ್ಣುಗಳು 10 ಕಿ.ಮೀ.ಗಿಂತಲೂ ಕಡಿಮೆ. ಹೋದವು ಹೆಚ್ಚಾಗಿ ಕಾಡಿನ ಪಟ್ಟಿಗಳನ್ನೇ ಹಿಡಿದು ಹೋದವು. ವಿಶಾಲವಾದ ಬಯಲು ಹೊಲಗಳನ್ನು ದಾಟಲಿಲ್ಲ. ಇದರಿಂದ ಹುಲಿ ಕಾಡು ಬಿಟ್ಟು ಬಹುದೂರ ಹೋಗಲಾರದು ಎಂಬ ಅಭಿಪ್ರಾಯ ಬೇರೂರಿತು. ಶಿಕಾರಿಪುರದ ಹುಲಿ ಆ ಅಭಿಪ್ರಾಯಕ್ಕೆ ಬಿದ್ದ ದೊಡ್ಡ ಪೆಟ್ಟು.

ಆಮೇಲಿನ ಪೆಟ್ಟು ಮಹಾರಾಷ್ಟ್ರದಿಂದ ಬಂತು. ಯವತಮಾಳ ಜಿಲ್ಲೆಯ ಟಿಪೇಶ್ವರ ಅಭಯಾರಣ್ಯದಲ್ಲಿ ಹುಟ್ಟಿ 2019ರ ಆರಂಭದಲ್ಲಿ ಕಾಲರ್ ತೊಟ್ಟ ಟಿ1ಸಿ1 ಎಂಬ ಗಂಡು ಹುಲಿ ಮಹಾರಾಷ್ಟ್ರ, ತೆಲಂಗಾಣಗಳ ಹೊಲ, ಹಳ್ಳ, ಹೆದ್ದಾರಿ ದಾಟಿ, 1,300 ಕಿ.ಮೀ.ಗೂ ಹೆಚ್ಚು ನಡೆದು, ವರ್ಷದ ಕೊನೆಗೆ ಬುಲ್ಢಾಣಾ ಜಿಲ್ಲೆಯ ಜ್ಞಾನಗಂಗಾ ಅಭಯಾರಣ್ಯ ಸೇರಿತು. ಹಗಲೆಲ್ಲ ಹತ್ತಿ ಹೊಲ, ಹಳ್ಳದ ಪೊದೆಗಳಲ್ಲಿ ಅಡಗಿ, ಇರುಳಲ್ಲಿ ನಡೆಯುವುದು ಅದರ ಕ್ರಮವಾಗಿತ್ತು. ಇದೇ ಸ್ವಭಾವ ಬೇರೆ ದೊಡ್ಡ ಬೆಕ್ಕುಗಳಲ್ಲೂ ಇದೆ. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಅವರು 2009ರಲ್ಲಿ ಕಾಲರ್ ತೊಡಿಸಿದ್ದ ‘ಆಜೋಬಾ’ ಎಂಬ ಗಂಡು ಚಿರತೆ ಮಾಳ್ಶೇಜ್ ಘಾಟಿಯಿಂದ ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದವರೆಗೆ ನಡೆಯಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 2011ರಲ್ಲಿ ಕಾರಿಗೆ ಸಿಕ್ಕಿ ಸತ್ತ ಗಂಡು ಕೂಗರ್ ಸುಮಾರು 2,400 ಕಿ.ಮೀ. ದೂರದ ದಕ್ಷಿಣ ಡಕೋಟಾದ ಕರಿಬೆಟ್ಟಗಳಿಂದ ಬಂದದ್ದೆಂದು ಡಿಎನ್‌ಎ ಪರೀಕ್ಷೆ ತೋರಿಸಿತು.

ಇಂಥ ದಾಖಲೆಗಳು ಮನಸ್ಸು ಸೆಳೆಯುತ್ತವೆ, ಆದರೆ ಅವುಗಳಿಂದಲೇ ಗಂಡು ಹುಲಿಯ ವಲಸೆಯನ್ನು ಅಳೆದರೆ ಚಿತ್ರ ಓರೆಯಾಗುತ್ತದೆ. ಹೆಚ್ಚಿನವು ಹೋಗುವುದು ಹತ್ತಾರು ಕಿ.ಮೀ. ಅಷ್ಟೇ. ಬಂಡೀಪುರದಲ್ಲಿ ಹುಟ್ಟಿದ ಗಂಡು ನಾಗರಹೊಳೆಗೋ ಮುದುಮಲೆಗೋ ವಯನಾಡಿಗೋ ಹೋದರೆ ಅದು ಸುದ್ದಿಯಾಗುವುದಿಲ್ಲ; ಈ ಕಾಡುಗಳು ಒಂದಕ್ಕೊಂದು ಅಂಟಿಕೊಂಡಿವೆ, ಹುಲಿಗೆ ರಾಜ್ಯದ ಗಡಿಯಿಲ್ಲ. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ಕ್ಯಾಮೆರಾದಲ್ಲಿ ಗುರುತಿಸಿದ 74 ಹುಲಿಗಳ ಅಧ್ಯಯನ ಈ ಓಡಾಟದ ಇನ್ನೊಂದು ಮುಖವನ್ನು ತೋರಿಸಿತು. ಹೊಸದಾಗಿ ಕಂಡ ಹುಲಿಗಳಲ್ಲಿ 100ಕ್ಕೆ 18ರಷ್ಟು ಹಾದುಹೋಗುವ ಅಲೆಮಾರಿಗಳು ಎಂದು ಅದು ಲೆಕ್ಕ ಹಾಕಿತು. ವರ್ಷದಿಂದ ವರ್ಷಕ್ಕೆ ಅಲ್ಲೇ ಉಳಿದು ಬದುಕುವವು 100ರಲ್ಲಿ 77. ಬೇಟೆಪ್ರಾಣಿ ಸಮೃದ್ಧವಾಗಿರುವ, ಕಾವಲು ಚೆನ್ನಾಗಿರುವ ಕಾಡಿನಲ್ಲೂ ಪ್ರತಿವರ್ಷ ಇಷ್ಟು ಹುಲಿಗಳು ಕಣ್ಮರೆಯಾಗುತ್ತವೆ: ಕೆಲವು ಸಾಯುತ್ತವೆ, ಕೆಲವು ಹೊರಡುತ್ತವೆ. ಹಾಗಿದ್ದೂ ಆ ಕಾಡು ಹುಲಿಗಳಿಂದ ತುಂಬಿಯೇ ಇತ್ತು, ಏಕೆಂದರೆ ಹುಟ್ಟುವವು ಅದನ್ನು ತುಂಬಿಕೊಡುತ್ತಿದ್ದವು.

ಹುಲಿ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಕಾಲಿನ ಶಕ್ತಿಯಲ್ಲ, ನೆಲದ ಸ್ಥಿತಿ. ಪಕ್ಕದಲ್ಲೇ ಖಾಲಿ ನೆಲೆ ಸಿಕ್ಕರೆ ಗಂಡು ಅಲ್ಲೇ ನಿಲ್ಲುತ್ತದೆ. ಸಿಗದಿದ್ದರೆ ಮುಂದೆ ಹೋಗುತ್ತದೆ, ಅಲ್ಲೂ ಬಲಿಷ್ಠ ಗಂಡೊಂದಿದ್ದರೆ ಇನ್ನೂ ಮುಂದೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಪ್ರದೇಶಗಳಲ್ಲಿ ಒಂದಾದಾಗ ಅದರಲ್ಲಿ ಜಾಗ ಬೇಕಾದಷ್ಟಿತ್ತು. 2022ರ ರಾಷ್ಟ್ರೀಯ ಅಂದಾಜಿನಲ್ಲಿ ಬಂಡೀಪುರದೊಳಗೆ 150, ನಾಗರಹೊಳೆಯೊಳಗೆ 141 ಹುಲಿಗಳು. ಇಡೀ ಕರ್ನಾಟಕದಲ್ಲಿ 563. ಈ ಎರಡರ ಜೊತೆ ವಯನಾಡು, ಮುದುಮಲೆ, ಸತ್ಯಮಂಗಲ, ಬಿಆರ್‌ಟಿ ಸೇರಿದ ನೀಲಗಿರಿ ಸುತ್ತಲಿನ ಕಾಡು ಜಗತ್ತಿನಲ್ಲೇ ಅತಿ ಹೆಚ್ಚು ಹುಲಿಗಳಿರುವ ಅಖಂಡ ನೆಲೆ. 2018ರ ಅಂದಾಜಿನಲ್ಲೇ ಇಲ್ಲಿ 700ಕ್ಕೂ ಹೆಚ್ಚು ಹುಲಿಗಳಿದ್ದವು. ಕೆರೆ ತುಂಬಿದ ಮೇಲೆ ಕೋಡಿ ಹರಿಯುವುದು ಸಹಜ. ಬಂಡೀಪುರ, ನಾಗರಹೊಳೆಗಳಿಂದ ಪ್ರತಿವರ್ಷ ಹೊರಬೀಳುವ ಎಳೆಯ ಗಂಡುಗಳು ಆ ಕೋಡಿಯ ನೀರು. ಅದು ಕಾಲುವೆಯಲ್ಲಿ ಹರಿದು ಮುಂದಿನ ಕೆರೆ ಸೇರುತ್ತದೋ ಹೊಲಕ್ಕೆ ನುಗ್ಗುತ್ತದೋ ಎಂಬುದು ಈಗಿನ ಪ್ರಶ್ನೆ.

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿಗೆ ಈ ಪ್ರಶ್ನೆ ದಿನನಿತ್ಯದ್ದು. ಕಾಡಿನ ಗಡಿ ಮುಗಿದಲ್ಲೇ ಹೊಲ ಶುರುವಾಗುತ್ತದೆ. ನೆಲೆ ಸಿಗದ ಎಳೆಯ ಗಂಡು, ನೆಲೆ ಕಳೆದುಕೊಂಡ ಮುದಿ ಗಂಡು ಎರಡೂ ಈ ಅಂಚಿಗೇ ಬಂದು ನಿಲ್ಲುತ್ತವೆ. ಲಂಟಾನ ಬೆಳೆದ ಬೀಳು, ಕಬ್ಬಿನ ಗದ್ದೆ, ಬಾಳೆ ತೋಟ, ಕೆಲಸ ನಿಂತ ಕ್ವಾರಿಯ ಹಳ್ಳಗಳಲ್ಲಿ ಅವಕ್ಕೆ ಹಗಲು ಅಡಗಲು ಮರೆ ಸಿಗುತ್ತದೆ. ಮೇಯಲು ಬಿಟ್ಟ ದನ, ಮೇಕೆ ಸುಲಭದ ಆಹಾರ. 2019ರ ಅಕ್ಟೋಬರ್‌ನಲ್ಲಿ ಚೌಡಹಳ್ಳಿ ಸುತ್ತಮುತ್ತ ಇಬ್ಬರನ್ನು ಬಲಿ ತೆಗೆದುಕೊಂಡ ಹುಲಿಯನ್ನು ಸಾಕಾನೆಗಳ ನೆರವಿನಿಂದ ಕೂಂಬಿಂಗ್ ನಡೆಸಿ, ಅರಿವಳಿಕೆ ಚುಚ್ಚುಮದ್ದು ನೀಡಿ ಸೆರೆಹಿಡಿಯಬೇಕಾಯಿತು. 2021ರಲ್ಲಿ ಗಡಿಯಾಚೆಯ ಗೂಡಲೂರು, ಮಸಿನಗುಡಿ ಭಾಗದಲ್ಲಿ ಮೂರು ವಾರ ಸತಾಯಿಸಿ ಸೆರೆಯಾಗಿ, ಮೈಸೂರಿನ ಪುನರ್ವಸತಿ ಕೇಂದ್ರ ಸೇರಿದ ಟಿ23 ಎಂಬ ಗಂಡು ವಯಸ್ಸಾದ ಹುಲಿ. 2025ರ ಸೆಪ್ಟೆಂಬರ್‌ನಲ್ಲಿ ಬೊಮ್ಮಲಾಪುರದ ಜನ ಹುಲಿ ಹಿಡಿಯಲು ತಡವಾಯಿತೆಂದು ಸಿಟ್ಟಿಗೆದ್ದು ಅರಣ್ಯ ಸಿಬ್ಬಂದಿಯನ್ನೇ ಬೋನಿಗೆ ಕೂಡಿದರು. ಅದೇ ವರ್ಷದ ನವೆಂಬರ್‌ನಲ್ಲಿ, ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಸರಣಿ ದಾಳಿಗಳಾದ ಬಳಿಕ, ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಇಲ್ಲಿ ರೈತನ ಸಿಟ್ಟನ್ನು ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು. ಹಾಲು ಕರೆಯುವ ಹಸು ಸತ್ತ ಮನೆಗೆ ಆ ವಾರದ ಸಂತೆಗೆ ಹೋಗಲು ಹಣವಿರುವುದಿಲ್ಲ. ಬೆಳಗಿನ ಜಾವ ಹೊಲಕ್ಕೆ ನೀರು ಹಾಯಿಸಲು ಹೋಗುವವನ ಭಯ ನಿಜವಾದದ್ದು.

ಸಂತೆಮರಹಳ್ಳಿ, ಯಳಂದೂರಿನ ಬಯಲಿನಲ್ಲಿ ಹುಲಿಗಿಂತ ಚಿರತೆಯ ಓಡಾಟವೇ ಹೆಚ್ಚು. ಚಿರತೆಗೆ ಕಾಡೇ ಬೇಕೆಂದಿಲ್ಲ. ನಾಯಿ, ಮೇಕೆ, ಕಲ್ಲುಗುಡ್ಡ, ಕಬ್ಬಿನ ಗದ್ದೆಯ ಮರೆ ಇದ್ದರೆ ಅದು ಊರ ಪಕ್ಕದಲ್ಲೇ ಮರಿ ಹಾಕಿ ಬದುಕುತ್ತದೆ. ಹುಲಿಗೆ ದೊಡ್ಡ ಬೇಟೆ ಬೇಕು, ತಂಪಾದ ಮರೆ ಬೇಕು, ನೀರು ಬೇಕು. ಅಲೆಯುವ ಹುಲಿ ಬಯಲನ್ನು ದಾಟೀತೇ ಹೊರತು ಬಯಲಿನಲ್ಲಿ ನೆಲೆ ಹೂಡಲಾರದು. ಈ ವ್ಯತ್ಯಾಸ ಆಡಳಿತಕ್ಕೆ ಗೊತ್ತಿರಬೇಕು: ಬಯಲಿಗೆ ಬಂದ ಎಳೆಯ ಗಂಡು ಹುಲಿ ದಾರಿಹೋಕ. ಜನ ಮುತ್ತಿಕೊಳ್ಳದೆ, ರಾತ್ರಿ ದಾರಿ ಬಿಟ್ಟರೆ ಅದು ಬಹುತೇಕ ಮುಂದೆ ಹೊರಟುಹೋಗುತ್ತದೆ. ಮೊಬೈಲು ಹಿಡಿದು ಸುತ್ತುವರಿದ ಗುಂಪಿನ ನಡುವೆ ಅದೇ ಪ್ರಾಣಿ ದಾಳಿ ಮಾಡುತ್ತದೆ.

ಹೊರಟ ಗಂಡುಗಳಿಗೆ ದಾರಿ ಕೊಡುವ ಪಟ್ಟಿಗಳು ಜಿಲ್ಲೆಯಲ್ಲಿ ಕೆಲವೇ ಇವೆ. ಮೊದಲನೆಯದು ಪುಣಜನೂರು ಮತ್ತು ಮೂಡಹಳ್ಳಿ ಬಳಿ ಬಿಆರ್‌ಟಿಯನ್ನು ತಾಳಮಲೆಗೆ ಜೋಡಿಸುವ ಕಾಡು. ಇದರ ನಡುವೆಯೇ ಬೆಂಗಳೂರು–ಕೊಯಮತ್ತೂರು ರಾಷ್ಟ್ರೀಯ ಹೆದ್ದಾರಿ 948 ಹಾದು, ಹಾಸನೂರು, ದಿಂಬಂ ಘಾಟಿಯ ಕಡೆಗೆ ಹೋಗುತ್ತದೆ. ದಿಂಬಂ ಘಾಟಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದಿದೆ. ಎರಡನೆಯದು ಬಂಡೀಪುರದ ಪೂರ್ವಭಾಗವನ್ನು ಮೋಯಾರ್ ಕಣಿವೆಯ ಮೂಲಕ ತಮಿಳುನಾಡಿನ ಕಾಡಿಗೆ ಕೂಡಿಸುವ ಕಣಿಯನಪುರದ ಪಟ್ಟಿ. ಮೂರನೆಯದು ಬಿಆರ್‌ಟಿಯಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ಎಡೆಯಾರಳ್ಳಿ–ದೊಡ್ಡಸಂಪಿಗೆ ಪಟ್ಟಿ. ಇದು ಎಷ್ಟು ಸಪುರವೆಂದರೆ, ಅದನ್ನು ಉಳಿಸಲು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ ರೈತರಿಂದ ಸುಮಾರು 25 ಎಕರೆ ಜಮೀನನ್ನು ಕೊಂಡು ಆನೆಪಥಕ್ಕೆ ಬಿಟ್ಟುಕೊಡಬೇಕಾಯಿತು. ಆನೆಗೆಂದು ಉಳಿಸಿದ ಇಂಥ ದಾರಿಯನ್ನು ಹುಲಿಯೂ ಬಳಸುತ್ತದೆ. ಇಪ್ಪತ್ತೈದು ಎಕರೆ ಎಂದರೆ ಒಬ್ಬ ದೊಡ್ಡ ಹಿಡುವಳಿದಾರನ ತೋಟದಷ್ಟು. ಅಷ್ಟು ನೆಲದ ಮೇಲೆ ಎರಡು ಕಾಡುಗಳ ನಂಟು ನಿಂತಿದೆ ಎಂಬುದು ಈ ವಿಷಯದಲ್ಲಿ ಆಶೆ ಹುಟ್ಟಿಸುವ ಸಂಗತಿಯೂ ಹೌದು, ಆತಂಕದ ಸಂಗತಿಯೂ ಹೌದು.

ಬಂಡೀಪುರದೊಳಗಿನ ರಸ್ತೆಗಳ ವಿಚಾರದಲ್ಲಿ ಜಿಲ್ಲೆ ದೇಶಕ್ಕೇ ಮಾದರಿಯಾದ ಒಂದು ನಿರ್ಧಾರ ತೆಗೆದುಕೊಂಡಿತು. ಗುಂಡ್ಲುಪೇಟೆಯಿಂದ ಊಟಿಗೆ ಮತ್ತು ಸುಲ್ತಾನ್ ಬತ್ತೇರಿಗೆ ಹೋಗುವ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿ 2009ರಲ್ಲಿ ಜಿಲ್ಲಾಧಿಕಾರಿ ಆದೇಶ ಹೊರಡಿಸಿದರು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳದ ಒತ್ತಡ, ವ್ಯಾಪಾರಿಗಳ ಆಕ್ಷೇಪ ಎಷ್ಟೇ ಬಂದರೂ ನಿಷೇಧ ಉಳಿದಿದೆ. ಇರುಳಲ್ಲಿ ನಡೆಯುವ ಎಳೆಯ ಗಂಡು ಹುಲಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಚಾಮರಾಜನಗರದಿಂದ ಮೆಟ್ಟುಪಾಳ್ಯಂಗೆ ಕಾಡಿನ ಮೂಲಕ ರೈಲುಹಳಿ ಹಾಕುವ ಹಳೆಯ ಪ್ರಸ್ತಾಪವೂ ಇದೇ ಕಾರಣಕ್ಕೆ ಮುಂದೆ ಸಾಗಿಲ್ಲ. ಮೈಸೂರಿನಿಂದ ಬರುವ ರೈಲು ಇಂದಿಗೂ ಚಾಮರಾಜನಗರದಲ್ಲೇ ನಿಲ್ಲುತ್ತದೆ.

ಈ ಪಟ್ಟಿಗಳು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾದ ಸಿಮಿಲಿಪಾಲ್ ಉತ್ತರ. ಸುತ್ತಲಿನ ಹುಲಿಕಾಡುಗಳಿಂದ ಕಡಿದುಹೋದ ಅಲ್ಲಿ ಪಟ್ಟೆಗಳು ಒಂದಕ್ಕೊಂದು ಬೆಸೆದು ಕಪ್ಪಾಗಿ ಕಾಣುವ ಹುಲಿಗಳು ಹೆಚ್ಚಿವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದಕ್ಕೆ ಒಂದು ಜೀನಿನ ಬದಲಾವಣೆ ಕಾರಣವೆಂದು ತೋರಿಸಿತು; ಸಣ್ಣ, ಒಂಟಿಯಾದ ಗುಂಪಿನೊಳಗೇ ಸಂತಾನ ನಡೆದದ್ದರಿಂದ ಅಪರೂಪದ ಆ ಜೀನು ಅಲ್ಲಿ ಸಾಮಾನ್ಯವಾಯಿತು. ಕಪ್ಪು ಹುಲಿ ನೋಡಲು ಸೊಗಸು, ಆದರೆ ಅದೊಂದು ಎಚ್ಚರಿಕೆಯ ಗುರುತು. ಒಂದು ತಲೆಮಾರಿಗೆ ಒಂದೆರಡು ಗಂಡುಗಳು ಹೊರಗಿನಿಂದ ಬಂದು ಸಂತಾನ ಪಡೆದರೆ ಇಂಥ ಸ್ಥಿತಿ ತಪ್ಪುತ್ತದೆ. ಅಲೆಮಾರಿ ಗಂಡು ರಕ್ತ ಹಂಚುವ ಕೆಲಸಗಾರ. ಬಿಳಿಗಿರಿಯಲ್ಲಿ ಬಂಡೀಪುರದ ರಕ್ತ ಸೇರಬೇಕಾದರೆ ಪುಣಜನೂರಿನ ಕಾಡು ತೆರೆದಿರಬೇಕು.

ಊರಿಗೆ ಬಂದ ಹುಲಿಯನ್ನು ಹಿಡಿದು ಬೇರೆ ಕಾಡಿಗೆ ಬಿಡಿ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಹುಲಿಗಳು ತುಂಬಿರುವ ಕಾಡಿಗೆ ಬಿಟ್ಟರೆ ಅಲ್ಲಿನ ಗಂಡು ಅದನ್ನು ಮತ್ತೆ ಅಟ್ಟುತ್ತದೆ, ಇಲ್ಲವೇ ಕೊಲ್ಲುತ್ತದೆ. ಸಮಸ್ಯೆ ಒಂದು ಊರಿಂದ ಇನ್ನೊಂದು ಊರಿಗೆ ಸಾಗುತ್ತದೆ. ಕರ್ನಾಟಕದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರು ಚಿರತೆಗಳ ಸ್ಥಳಾಂತರವನ್ನು ಗಮನಿಸಿ ಇಂಥದೇ ತೊಂದರೆಗಳನ್ನು ಎತ್ತಿ ತೋರಿಸಿದ್ದಾರೆ. ಮನುಷ್ಯನನ್ನು ಕೊಂದ, ಗಾಯಗೊಂಡು ಬೇಟೆಯಾಡಲಾರದ ಹುಲಿಯನ್ನು ಹಿಡಿದು ದೂರವಿಡುವುದು ಬೇರೆ ಮಾತು, ಅದು ಅನಿವಾರ್ಯ. ದಾರಿಹೋಕ ಗಂಡನ್ನು ಹಿಡಿಯುವುದು ಅನಿವಾರ್ಯವಲ್ಲ.

ಈ ಸೀಮೆಯ ಜನರಿಗೆ ಹುಲಿ ಹೊಸತಲ್ಲ. 1870ರ ದಶಕದಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಚಾಮರಾಜನಗರದ ಸಮೀಪ ಬಿಡಾರ ಹೂಡಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರ ತಮ್ಮ ಪುಸ್ತಕದಲ್ಲಿ ಹಳ್ಳಿಗಳ ಪಕ್ಕದ ಕುರುಚಲಿನಲ್ಲಿ ಹುಲಿ ದನ ಹಿಡಿಯುತ್ತಿದ್ದುದನ್ನು ವಿವರಿಸಿದ್ದಾರೆ. ಆಗ ಕಾಡು, ಬಯಲಿನ ನಡುವೆ ಈಗಿನಂಥ ಗೆರೆಯಿರಲಿಲ್ಲ. ಬಿಳಿಗಿರಿಯ ಸೋಲಿಗರು ಇಂದಿಗೂ ಹುಲಿವೀರಪ್ಪನಿಗೆ ಪೂಜೆ ಸಲ್ಲಿಸುತ್ತಾರೆ. ಜನ ಮಾದಪ್ಪ ಎಂದು ಕರೆಯುವ ಮಲೆ ಮಹದೇಶ್ವರ ಹುಲಿಯನ್ನೇರಿ ಬೆಟ್ಟ ಸುತ್ತುವ ದೇವರು. ಆದರೆ ಅದೇ ಮಾದಪ್ಪನ ಬೆಟ್ಟದ ಕಾಡಿನ ಹೂಗ್ಯಂ ವಲಯದಲ್ಲಿ 2025ರ ಜೂನ್ ಕೊನೆಗೆ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಕಳೇಬರ ತಿಂದು ಒಂದೇ ದಿನ ಸತ್ತುಬಿದ್ದಿದ್ದು ಕಂಡುಬಂತು. ಬಂಡೀಪುರ, ಬಿಳಿಗಿರಿಗಳಿಂದ ಪೂರ್ವಕ್ಕೆ ಹೊರಡುವ ಗಂಡುಗಳಿಗೆ ಜಾಗ ಉಳಿದಿರುವುದು ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಜೀವಿಧಾಮಗಳಲ್ಲೇ. ಅಲ್ಲಿ ಹುಲಿ ಸಾಂದ್ರತೆ ಕಡಿಮೆ, ನೆಲ ವಿಶಾಲ: ಎರಡೂ ಸೇರಿ ಸುಮಾರು 1,900 ಚದರ ಕಿ.ಮೀ. ಹೋದ ಗಂಡಿಗೆ ಅಲ್ಲಿ ಹೆಣ್ಣು ಸಿಗದಿದ್ದರೆ ಅದು ನೆಲೆ ನಿಲ್ಲುವುದಿಲ್ಲ. ಹಾಗಾಗಿ ಹೂಗ್ಯಂನಲ್ಲಿ ಸತ್ತ ಒಂದು ಹೆಣ್ಣು, ಬರಲಿದ್ದ ಎಷ್ಟೋ ಗಂಡುಗಳ ನಿಲ್ದಾಣವೂ ಆಗಿತ್ತು.

ಕಾಡಂಚಿನ ರೈತನ ಹಸು ಸತ್ತಾಗ ಪರಿಹಾರ ವಾರದೊಳಗೆ ಕೈಸೇರುವುದು, ವಿಷದ ಹಾದಿಯನ್ನು ತಪ್ಪಿಸಲು ಇರುವ ನೇರ ಉಪಾಯ. ಮಲೆ ಮಹದೇಶ್ವರವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವ ಪ್ರಸ್ತಾಪ ವರ್ಷಗಳಿಂದ ಸರ್ಕಾರದ ಮುಂದಿದೆ. ಐದು ಹುಲಿಗಳು ಸತ್ತ 2025ರ ಜೂನ್‌ನಲ್ಲೂ ಅದರ ಅಧಿಸೂಚನೆ ಹೊರಟಿರಲಿಲ್ಲ.